ಖಾಲಿ ಚೌಕಗಳನ್ನು ಓದುವ ಕ್ರಮ: ನಿಂತುಹೋದ ಅಭ್ಯಾಸ ಪಟ್ಟಿಗೆ ದೋಷ ನಿವಾರಣೆ ಕೈಪಿಡಿ

ಜನವರಿ 1ರಂದು ನಾಲ್ಕಾರು ಅಭ್ಯಾಸಗಳನ್ನು ಆರಿಸಿಕೊಂಡು, ಒಂದು ಹಾಳೆಯಲ್ಲೋ ಗೋಡೆಯ ಕ್ಯಾಲೆಂಡರಿನಲ್ಲೋ ಮೊಬೈಲಿನ ಆ್ಯಪ್‌ನಲ್ಲೋ ಪ್ರತಿದಿನ ಗುರುತು ಹಾಕಲು ಆರಂಭಿಸಿದವರಿಗಾಗಿ ಈ ಕೈಪಿಡಿ. ಮೊದಲ ಕೆಲವು ದಿನ ಚೌಕಗಳೆಲ್ಲ ತುಂಬಿವೆ. ಆಮೇಲೆ ಎಲ್ಲೋ ಒಂದೆರಡು ಖಾಲಿ ಬಿದ್ದಿವೆ. ಈಗ ಆ ಹಾಳೆಯತ್ತ ನೋಡಲೂ ಮನಸ್ಸಾಗುತ್ತಿಲ್ಲ. ಇಂಥ ಸ್ಥಿತಿಯಲ್ಲಿ ದೋಷ ಎಲ್ಲಿದೆ ಎಂದು ಪತ್ತೆಹಚ್ಚಿ ಸರಿಪಡಿಸುವ ಕ್ರಮವನ್ನಷ್ಟೇ ಇಲ್ಲಿ ವಿವರಿಸಲಾಗಿದೆ. ಯಾವ ಅಭ್ಯಾಸ ಒಳ್ಳೆಯದು, ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ಈ ಬರಹದ ವಿಷಯವಲ್ಲ.

ಪಟ್ಟಿ ನಿಂತಾಗ ಬಹುತೇಕರು ತಮ್ಮ ಮನೋಬಲವನ್ನೇ ದೂರುತ್ತಾರೆ. ಆ ತೀರ್ಮಾನ ಆತುರದ್ದು ಮಾತ್ರವಲ್ಲ, ನಿರುಪಯುಕ್ತವೂ ಹೌದು. ಏಕೆಂದರೆ ಅದರಿಂದ ನಾಳೆ ಬೆಳಿಗ್ಗೆ ಏನನ್ನು ಬದಲಿಸಬೇಕು ಎಂಬುದು ತಿಳಿಯುವುದಿಲ್ಲ. ಖಾಲಿ ಚೌಕಗಳು ಎಲ್ಲಿ ಬಿದ್ದಿವೆ, ಯಾವ ವಾರದಲ್ಲಿ ಬಿದ್ದಿವೆ, ಯಾವ ಸಾಲಿನಿಂದ ಆರಂಭವಾಗಿವೆ ಎಂಬುದನ್ನು ಗಮನಿಸಿದರೆ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ಹಾಳೆಯಲ್ಲೇ ಸಿಗುತ್ತದೆ.

ಆದ್ದರಿಂದ ಮೊದಲ ಮುನ್ನೆಚ್ಚರಿಕೆ ಇದು: ಹಳೆಯ ಹಾಳೆಯನ್ನು ಹರಿದು ಹಾಕಬೇಡಿ, ಆ್ಯಪ್‌ನಲ್ಲಿ ಹಿಂದಿನ ದಾಖಲೆಯನ್ನು ಅಳಿಸಬೇಡಿ, ಯುಗಾದಿಯಿಂದ ಹೊಸದಾಗಿ ಆರಂಭಿಸೋಣ ಎಂದು ಮುಂದೂಡಲೂ ಬೇಡಿ. ವಾರ, ತಿಂಗಳು, ವರ್ಷ ಹೊಸದಾಗಿ ಆರಂಭವಾದಾಗ ಜನರ ಉತ್ಸಾಹ ಏರುತ್ತದೆ ಎಂಬುದನ್ನು ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಅಂಥ ದಿನಗಳಲ್ಲಿ ವ್ಯಾಯಾಮಶಾಲೆಗೆ ಹೋಗುವವರೂ ಹೆಚ್ಚುತ್ತಾರೆ, ಆಹಾರ ಪಥ್ಯದ ಬಗ್ಗೆ ಗೂಗಲ್‌ನಲ್ಲಿ ಹುಡುಕುವವರೂ ಹೆಚ್ಚುತ್ತಾರೆ. ಆ ಉತ್ಸಾಹ ಸುಳ್ಳಲ್ಲ. ಆದರೆ ದೋಷವನ್ನು ಹಾಗೆಯೇ ಬಿಟ್ಟು ಹಾಳೆಯನ್ನು ಮಾತ್ರ ಬದಲಿಸಿದರೆ, ಜನವರಿಯಲ್ಲಿ ಎಡವಿದ ಜಾಗದಲ್ಲೇ ಏಪ್ರಿಲ್‌ನಲ್ಲೂ ಎಡವುತ್ತೀರಿ, ಮತ್ತು ಆಗ ಹೋಲಿಸಿ ನೋಡಲು ಜನವರಿಯ ಹಾಳೆ ಇರುವುದಿಲ್ಲ.

ಮೊದಲ ಪರೀಕ್ಷೆ: ನಿಂತಿರುವುದು ಅಭ್ಯಾಸವೋ, ಗುರುತೋ?

ಚೌಕ ಖಾಲಿ ಇದ್ದ ಮಾತ್ರಕ್ಕೆ ಕೆಲಸ ನಡೆದಿಲ್ಲವೆಂದು ಅರ್ಥವಲ್ಲ. ಗುರುತು ಹಾಕುವುದು ಅಭ್ಯಾಸದಿಂದ ಬೇರೆಯಾದ, ತನ್ನದೇ ಸಮಯ ಮತ್ತು ಜಾಗ ಬೇಡುವ ಎರಡನೆಯ ಕೆಲಸ. ಅದು ಒಂದೇ ನಿಂತಿರಬಹುದು. ನಿನ್ನೆ ಮತ್ತು ಮೊನ್ನೆಯ ದಿನಗಳನ್ನು ಹಾಳೆಯ ಹೊರಗಿನ ಸಾಕ್ಷ್ಯದಿಂದ ಪರಿಶೀಲಿಸಿ. ಓದುತ್ತಿರುವ ಪುಸ್ತಕದಲ್ಲಿ ಗುರುತಿನ ಚೀಟಿ ಯಾವ ಪುಟದಲ್ಲಿದೆ? ಮಾತ್ರೆಯ ಪಟ್ಟಿಯಲ್ಲಿ ಎಷ್ಟು ಮಾತ್ರೆ ಉಳಿದಿವೆ? ಮೊಬೈಲಿನ ಬಳಕೆಯ ವರದಿ ರಾತ್ರಿ ಹತ್ತರ ನಂತರ ಏನು ತೋರಿಸುತ್ತದೆ? ನಡೆಯಲು ಜೊತೆಗೆ ಬರುವವರಿದ್ದರೆ ಅವರನ್ನೇ ಕೇಳಬಹುದು. ಹೊರಗಿನ ಸಾಕ್ಷ್ಯದ ಪ್ರಕಾರ ಕೆಲಸ ನಡೆಯುತ್ತಲೇ ಇದ್ದರೆ ಮುಂದಿನ ಭಾಗವನ್ನು ಓದಿ. ಕೆಲಸವೇ ನಿಂತಿದ್ದರೆ ಅದನ್ನು ಬಿಟ್ಟು ಅದರ ಮುಂದಿನ ಭಾಗಕ್ಕೆ ಹೋಗಿ.

ಗುರುತು ಮಾತ್ರ ನಿಂತಿದ್ದರೆ

ಇದಕ್ಕೆ ಸಾಮಾನ್ಯವಾದ ಕಾರಣ ದೂರ. ನೀರು ಕುಡಿಯುವುದು ಅಡುಗೆಮನೆಯಲ್ಲಿ, ಹಾಳೆ ಇರುವುದು ಮಲಗುವ ಕೋಣೆಯ ಮೇಜಿನ ಖಾನೆಯಲ್ಲಿ. ಸಂಜೆಯ ಹೊತ್ತಿಗೆ ಎಷ್ಟು ಲೋಟ ಕುಡಿದೆವೆಂಬುದು ನೆನಪಿರುವುದಿಲ್ಲ, ಪೆನ್ನೂ ಕೈಗೆ ಸಿಗುವುದಿಲ್ಲ. ಹಾಳೆಯನ್ನು ಅಭ್ಯಾಸ ನಡೆಯುವ ಜಾಗಕ್ಕೆ ತನ್ನಿ, ಕ್ಯಾಲೆಂಡರಿನ ಮೊಳೆಗೇ ಒಂದು ಗಿಡ್ಡ ಪೆನ್ಸಿಲನ್ನು ದಾರದಲ್ಲಿ ಕಟ್ಟಿ ತೂಗುಬಿಡಿ. ಇಷ್ಟು ಸಣ್ಣ ಬದಲಾವಣೆಯಿಂದಲೇ ಸರಿಹೋಗುವ ಪಟ್ಟಿಗಳು ಬಹಳ ಇವೆ. ಗುರುತು ಹಾಕುವುದಕ್ಕೆ ದಿನಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿದ್ದರೆ ಸಾಲುಗಳು ಹೆಚ್ಚಾಗಿವೆ ಎಂದು ತಿಳಿಯಿರಿ.

ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಿಲ್ಲದೆ ನಡೆದುಬಂದಿರುವ ದಾಖಲೆಯೆಂದರೆ ಕ್ಯಾಲೆಂಡರಿನ ಮೇಲಿನ ಹಾಲಿನ ಲೆಕ್ಕ, ಮತ್ತು ಅದು ನಿಲ್ಲದಿರಲು ಕಾರಣವಿದೆ. ಹಾಲು ಬಂದ ದಿನ ಯಾರೂ ಗುರುತು ಹಾಕುವುದಿಲ್ಲ. ಬಾರದ ದಿನ ಒಂದು ಅಡ್ಡಗೆರೆ, ಹೆಚ್ಚಿಗೆ ತೆಗೆದುಕೊಂಡ ದಿನ ‘ಅರ್ಧ ಲೀ.’ ಎಂಬ ಬರಹ, ಅಷ್ಟೇ. ಈಗಾಗಲೇ ಗಟ್ಟಿಯಾಗಿ ನೆಲೆಗೊಂಡ ಅಭ್ಯಾಸಕ್ಕೆ ಈ ಪದ್ಧತಿಯನ್ನೇ ಅನುಸರಿಸಬಹುದು: ತಪ್ಪಿದ ದಿನಕ್ಕೆ ಮಾತ್ರ ಗುರುತು. ಇನ್ನೂ ನೆಲೆಗೊಳ್ಳದ ಅಭ್ಯಾಸಕ್ಕೆ ಇದು ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಖಾಲಿ ಚೌಕವೆಂದರೆ ನಡೆದಿದೆ ಎಂದೋ, ಪಟ್ಟಿಯನ್ನೇ ಮರೆತಿದ್ದೇವೆ ಎಂದೋ ಹೇಳಲಾಗದು. ಇದಕ್ಕಿಂತಲೂ ಭದ್ರವಾದ ಪದ್ಧತಿ ರಾಮಕೋಟಿ ಬರೆಯುವವರದ್ದು. ಅಲ್ಲಿ ಬರೆಯುವುದೇ ಅಭ್ಯಾಸ, ಬರೆದ ಪುಟವೇ ದಾಖಲೆ. ಎರಡನೆಯ ಕೆಲಸವೇ ಇಲ್ಲ. ದಿನಕ್ಕೊಂದು ಪುಟ ಬರೆಯುವುದು, ಲೆಕ್ಕ ಬಿಡಿಸುವುದು, ಭಾಷೆ ಕಲಿಯುವುದು ನಿಮ್ಮ ಪಟ್ಟಿಯಲ್ಲಿದ್ದರೆ ಪುಟದ ಮೇಲೆ ತಾರೀಖು ಹಾಕಿದರೆ ಸಾಕು, ಪ್ರತ್ಯೇಕ ಚೌಕದ ಅಗತ್ಯವಿಲ್ಲ.

ಆ್ಯಪ್ ಬಳಸುವವರು ಸಾಧನದ ದೋಷಗಳನ್ನೂ ಪರಿಶೀಲಿಸಬೇಕು. ಅನೇಕ ಆ್ಯಪ್‌ಗಳಿಗೆ ದಿನ ಮುಗಿಯುವುದು ರಾತ್ರಿ 12ಕ್ಕೆ. ಮಲಗುವ ಮುನ್ನ ಹನ್ನೆರಡೂ ಕಾಲಿಗೆ ಓದಿ ಗುರುತು ಹಾಕಿದರೆ ಅದು ಮರುದಿನದ ಲೆಕ್ಕಕ್ಕೆ ಸೇರಿ, ಹಿಂದಿನ ದಿನ ಖಾಲಿ ಉಳಿಯುತ್ತದೆ. ದಿನದ ಅಂತ್ಯವನ್ನು ಬದಲಿಸುವ ಅವಕಾಶ ಸೆಟ್ಟಿಂಗ್ಸ್‌ನಲ್ಲಿದ್ದರೆ ಅದನ್ನು ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಇಡಿ. ನೆನಪಿನ ಸೂಚನೆ ಬರುವುದೇ ನಿಂತಿದ್ದರೆ ಫೋನಿನ ಬ್ಯಾಟರಿ ಉಳಿತಾಯದ ವ್ಯವಸ್ಥೆ ಆ ಆ್ಯಪನ್ನು ಹಿನ್ನೆಲೆಯಲ್ಲಿ ತಡೆದಿರಬಹುದು. ವಿದೇಶದಿಂದ ಊರಿಗೆ ಬರುವವರಿಗೆ ಇನ್ನೊಂದು ತೊಡಕಿದೆ: ಜನವರಿಯಲ್ಲಿ ನ್ಯೂಯಾರ್ಕಿಗೂ ಬೆಂಗಳೂರಿಗೂ ಹತ್ತೂವರೆ ಗಂಟೆಯ ಅಂತರವಿರುವುದರಿಂದ, ಪ್ರಯಾಣದ ದಿನ ಆ್ಯಪ್‌ನ ಲೆಕ್ಕದಲ್ಲಿ ಬಹಳ ಮೊಟಕಾಗಿ ಸರಣಿ ಕಡಿದಂತೆ ಕಾಣುತ್ತದೆ. ಇದು ನಿಮ್ಮ ತಪ್ಪಲ್ಲ. ಕೈಯಿಂದ ಸರಿಪಡಿಸಿ ಮುಂದುವರಿಯಿರಿ. ಮೇಜಿನ ಮೇಲೆ ಬಿಟ್ಟುಹೋದ ಫೋನು ನಿಮ್ಮ ಹೆಜ್ಜೆಗಳನ್ನು ಎಣಿಸುವುದಿಲ್ಲ ಎಂಬುದನ್ನೂ ಮರೆಯಬಾರದು.

ಅಭ್ಯಾಸವೇ ನಿಂತಿದ್ದರೆ: ಖಾಲಿ ಚೌಕಗಳ ವಿನ್ಯಾಸ

ಈ ಭಾಗದಲ್ಲಿ ಅವಸರ ಮಾಡಬೇಡಿ. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಖಾಲಿ ಚೌಕಗಳಿಗೆ ಬೇರೆ ಬಣ್ಣದ ಪೆನ್ಸಿಲಿನಿಂದ ಒಂದೊಂದು ಚುಕ್ಕಿ ಇಡಿ. ಒಂದು ಮಾದರಿ ಹಾಳೆಯನ್ನು ಎದುರಿಗಿಟ್ಟುಕೊಂಡು ನೋಡೋಣ. ಅದರಲ್ಲಿ ನಾಲ್ಕು ಸಾಲುಗಳಿವೆ: ಬೆಳಿಗ್ಗೆ ಐದೂವರೆಗೆ ಏಳುವುದು, ಅರ್ಧ ಗಂಟೆ ನಡಿಗೆ, ಹತ್ತು ಪುಟ ಓದು, ರಾತ್ರಿ ಹತ್ತರ ನಂತರ ಮೊಬೈಲ್ ಮುಟ್ಟದಿರುವುದು. ಮೊಬೈಲಿನ ಸಾಲಿನಲ್ಲಿ ಜನವರಿ 6, 9, 10 ಮತ್ತು 17 ಖಾಲಿ ಇವೆ. ಏಳುವ ಸಾಲಿನಲ್ಲಿ 7, 10, 11 ಮತ್ತು 18 ಖಾಲಿ. ನಡಿಗೆಯ ಸಾಲಿನಲ್ಲೂ ಅವೇ ನಾಲ್ಕು ದಿನ ಖಾಲಿ. ಓದಿನ ಸಾಲು ಮಾತ್ರ ತುಂಬಿದೆ.

ಮೇಲ್ನೋಟಕ್ಕೆ ಇಲ್ಲಿ ಮೂರು ಅಭ್ಯಾಸಗಳು ಸೋತಂತೆ ಕಾಣುತ್ತವೆ, ಆದರೆ ದೋಷ ಒಂದೇ. ರಾತ್ರಿ ಮೊಬೈಲ್ ಹಿಡಿದ ದಿನದ ಮರುದಿನವೇ ಬೆಳಗಿನ ಎಚ್ಚರ ತಪ್ಪಿದೆ, ಎಚ್ಚರ ತಪ್ಪಿದ ದಿನ ನಡಿಗೆಯೂ ತಪ್ಪಿದೆ. ಈ ಹಾಳೆಯ ಒಡೆಯರು ಬೆಳಗಿನ ಅಲಾರಂಗಳನ್ನು ಒಂದರಿಂದ ಮೂರಕ್ಕೆ ಏರಿಸಿದರೆ ಪ್ರಯೋಜನವಿಲ್ಲ. ಚಾರ್ಜರನ್ನು ಮಲಗುವ ಕೋಣೆಯಿಂದ ಹಜಾರಕ್ಕೆ ಸಾಗಿಸಿ, ಎಚ್ಚರಿಸಲು ಒಂದು ಸಾದಾ ಅಲಾರಂ ಗಡಿಯಾರ ಇಟ್ಟುಕೊಂಡರೆ ಮೂರು ಸಾಲುಗಳೂ ಒಟ್ಟಿಗೆ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಒಂದು ಸಾಲಿನ ಖಾಲಿ ಚೌಕಕ್ಕೆ ಕಾರಣವನ್ನು ಅದೇ ದಿನದ ಕಂಬದಲ್ಲಿ ಹುಡುಕಿ ಸಿಗದಿದ್ದರೆ ಹಿಂದಿನ ದಿನದ ಕಂಬದಲ್ಲಿ ಹುಡುಕಬೇಕು ಎಂಬುದು ಇದರಿಂದ ಸಿಗುವ ವಿಧಾನ.

ಮೊಬೈಲಿನ ಸಾಲು ಸರಿಯಿದ್ದೂ ಬೆಳಗಿನ ನಡಿಗೆ ಮಾತ್ರ ಪದೇ ಪದೇ ತಪ್ಪುತ್ತಿದ್ದರೆ ಹೊರಗಿನ ಪರಿಸ್ಥಿತಿಯನ್ನು ನೋಡಿ. ಬೆಂಗಳೂರಿನಲ್ಲಿ ಜನವರಿ ನಡುವಿನ ಹೊತ್ತಿಗೆ ಸೂರ್ಯೋದಯವಾಗುವುದು ಸುಮಾರು ಆರೂ ಮುಕ್ಕಾಲಿಗೆ. ಐದೂವರೆಗೆ ಹೊರಡುವವರು, ಸೂರ್ಯ ಹುಟ್ಟಲು ಇನ್ನೂ ಒಂದು ಗಂಟೆಗೂ ಹೆಚ್ಚು ಹೊತ್ತಿರುವಾಗ, ಚಳಿಯಲ್ಲಿ, ಕತ್ತಲಲ್ಲಿ, ಬೀದಿ ನಾಯಿಗಳ ನಡುವೆ ನಡೆಯಬೇಕಾಗುತ್ತದೆ. ಜೂನ್ ತಿಂಗಳಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಹುಟ್ಟುವುದರಿಂದ ಅದೇ ಸಮಯ ಸುಲಭವಾಗುತ್ತದೆ. ವರ್ಷದ ಅತ್ಯಂತ ತಡವಾದ ಸೂರ್ಯೋದಯದ ದಿನಗಳಲ್ಲೇ ಅತ್ಯಂತ ಬೇಗ ಏಳುವ ಸಂಕಲ್ಪ ಮಾಡುವುದು ಹೊಸ ವರ್ಷದ ಪಟ್ಟಿಗಳ ಹುಟ್ಟುದೋಷ. ಧನುರ್ಮಾಸದಲ್ಲಿ ಇದೇ ಚಳಿಗೆ ಬೆಳಗಿನ ಜಾವ ಎದ್ದು ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗುವವರಿದ್ದಾರಲ್ಲ ಎಂದು ಕೇಳಬಹುದು. ಅವರಿಗೆ ಹೋಗಬೇಕಾದ ಜಾಗ ನಿಶ್ಚಿತ, ಪೂಜೆಯ ಹೊತ್ತು ನಿಶ್ಚಿತ, ಜೊತೆಗೆ ಬರುವ ಮನೆಮಂದಿ ಇದ್ದಾರೆ, ಸಂಕ್ರಾಂತಿಗೆ ಅದು ಮುಗಿಯುತ್ತದೆ ಎಂಬುದೂ ಗೊತ್ತು. ಒಂಟಿಯಾಗಿ ಕೈಗೊಂಡ ನಡಿಗೆಗೆ ಇವುಗಳಲ್ಲಿ ಒಂದೂ ಇರುವುದಿಲ್ಲ. ಇವುಗಳಲ್ಲಿ ಒಂದನ್ನಾದರೂ ಒದಗಿಸಿಕೊಳ್ಳಿ, ಇಲ್ಲವೆ ನಡಿಗೆಯನ್ನು ಮಾರ್ಚ್‌ವರೆಗೆ ಸಂಜೆಗೆ ಹಾಕಿಕೊಳ್ಳಿ.

ಖಾಲಿ ಚೌಕಗಳು ಶನಿವಾರ, ಭಾನುವಾರಗಳಲ್ಲೇ ಬಿದ್ದಿದ್ದರೆ ದೋಷ ಸುಳಿವಿನದು. ವಾರದ ದಿನಗಳಲ್ಲಿ ನಿಮ್ಮ ಅಭ್ಯಾಸ ಯಾವುದೋ ಒಂದಕ್ಕೆ ತಗುಲಿಕೊಂಡಿತ್ತು: ಮಕ್ಕಳ ಶಾಲೆಯ ಬಸ್ಸು ಹೊರಟ ಗಳಿಗೆ, ಮೆಟ್ರೋದಲ್ಲಿ ಕುಳಿತ ಹೊತ್ತು, ಕಚೇರಿಯ ಊಟದ ಬಿಡುವು. ರಜೆಯಲ್ಲಿ ಆ ಸುಳಿವೇ ಬರುವುದಿಲ್ಲವಾದ್ದರಿಂದ ಅಭ್ಯಾಸವೂ ಬರುವುದಿಲ್ಲ. ‘ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ’ ಎಂದು ಸಂದರ್ಭ ಸಮೇತ ಮೊದಲೇ ನಿರ್ಧರಿಸಿದವರು, ಬರೀ ‘ಮಾಡುತ್ತೇನೆ’ ಎಂದುಕೊಂಡವರಿಗಿಂತ ಹೆಚ್ಚು ಬಾರಿ ಕೆಲಸ ಪೂರೈಸುತ್ತಾರೆ ಎಂಬುದು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ 1990ರ ದಶಕದಿಂದ ನಡೆಸಿದ ಸಂಶೋಧನೆಗಳ ತಿರುಳು. ರಜೆಯ ದಿನಗಳಿಗೆ ಬೇರೆಯೇ ಸುಳಿವನ್ನು ಗೊತ್ತುಮಾಡಿ ಹಾಳೆಯ ಅಂಚಿನಲ್ಲಿ ಬರೆಯಿರಿ. ‘ಭಾನುವಾರ: ಬೆಳಗಿನ ಕಾಫಿ ಲೋಟ ತೊಳೆದಿಟ್ಟ ಮೇಲೆ ಹತ್ತು ಪುಟ’ ಎಂಬಷ್ಟು ನಿಖರವಾಗಿರಲಿ.

ಖಾಲಿ ಚೌಕಗಳು ಯಾವ ಕ್ರಮವೂ ಇಲ್ಲದೆ ಚದುರಿದ್ದರೆ, ಆ ಸಾಲಿನ ತಲೆಬರಹವನ್ನೇ ಪರೀಕ್ಷಿಸಿ. ‘ಆರೋಗ್ಯಕರ ಊಟ’, ‘ಸಮಾಧಾನದಿಂದಿರುವುದು’ ಮುಂತಾದವುಗಳಿಗೆ ಗುರುತು ಹಾಕಬೇಕೋ ಬೇಡವೋ ಎಂಬುದನ್ನು ಪ್ರತಿ ರಾತ್ರಿ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ. ‘ಮಧ್ಯಾಹ್ನದ ಊಟದಲ್ಲಿ ಒಂದು ಸೊಪ್ಪು ಅಥವಾ ಕೋಸಂಬರಿ’ ಎಂದು ಬರೆದರೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ.

ಒಂದು ಖಾಲಿ ಚೌಕದ ನಂತರ ಎಲ್ಲವೂ ಖಾಲಿ

ಎಲ್ಲ ಸಾಲುಗಳೂ ಒಂದೇ ದಿನ ನಿಂತು ಮತ್ತೆ ಏಳದಿರುವುದು ಅತ್ಯಂತ ಗಂಭೀರವಾದ ಲಕ್ಷಣ, ಆದರೆ ದುರಸ್ತಿ ಅಷ್ಟೇನೂ ಕಷ್ಟವಲ್ಲ. ಮೊದಲ ಖಾಲಿ ದಿನದ ಕಾರಣ ಸಾಮಾನ್ಯವಾಗಿ ನಿಮ್ಮ ಕೈಮೀರಿದ್ದು: ಜ್ವರ, ಊರಿನ ಮದುವೆ, ಸಂಕ್ರಾಂತಿಯ ಓಡಾಟ, ಕಚೇರಿಯ ತುರ್ತು ಕೆಲಸ. ಎರಡನೆಯ ಖಾಲಿ ದಿನದ ಕಾರಣ ಬೇರೆ. ಮದ್ಯ ಬಿಟ್ಟವರು ಮತ್ತೆ ಜಾರುವ ಬಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಾಟ್ ಗುರುತಿಸಿದಂತೆ, ಮೊದಲ ಜಾರುವಿಕೆಗಿಂತ ‘ಇನ್ನೇನು, ಎಲ್ಲ ಕೆಟ್ಟಿತು’ ಎಂಬ ಆಮೇಲಿನ ಪ್ರತಿಕ್ರಿಯೆಯೇ ಹೆಚ್ಚು ಹಾನಿ ಮಾಡುತ್ತದೆ. ಸರಣಿಯ ಉದ್ದವನ್ನೇ ದೊಡ್ಡದಾಗಿ ತೋರಿಸಿ, ಒಂದು ದಿನ ತಪ್ಪಿದರೆ ಸೊನ್ನೆಗೆ ಇಳಿಸುವ ಆ್ಯಪ್‌ಗಳು ಈ ಪ್ರತಿಕ್ರಿಯೆಯನ್ನು ಕೆರಳಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಲವತ್ತು ದಿನ ನಡೆದ ಕಾಲುಗಳು ಒಂದು ದಿನದ ವಿಶ್ರಾಂತಿಯಿಂದ ಸೊನ್ನೆಗೆ ಇಳಿಯುವುದಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಹೋದ್ಯೋಗಿಗಳು 96 ಸ್ವಯಂಸೇವಕರೊಂದಿಗೆ 84 ದಿನ ನಡೆಸಿ, 2009ರಲ್ಲಿ ಮೊದಲು ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಒಂದು ಅವಕಾಶ ತಪ್ಪಿದ್ದರಿಂದ ಅಭ್ಯಾಸ ಬೇರೂರುವ ಕ್ರಮಕ್ಕೆ ಗಣನೀಯ ಧಕ್ಕೆಯಾಗಲಿಲ್ಲ.

ಇದರ ದುರಸ್ತಿಗೆ ಹಾಳೆಯಲ್ಲಿ ಮೂರು ಬಗೆಯ ಗುರುತುಗಳಿರಲಿ. ನಡೆದ ದಿನಕ್ಕೆ ಸರಿ ಗುರುತು, ಕಾರಣವಿದ್ದು ಬಿಟ್ಟ ದಿನಕ್ಕೆ ಅಡ್ಡಗೆರೆ, ಸುಮ್ಮನೆ ತಪ್ಪಿದ ದಿನಕ್ಕೆ ಸೊನ್ನೆ. ಇನ್ನೂ ನೆಲೆಗೊಳ್ಳದ ಅಭ್ಯಾಸದ ಚೌಕ ಯಾವತ್ತೂ ಖಾಲಿ ಉಳಿಯಬಾರದು, ಏಕೆಂದರೆ ಸೊನ್ನೆ ಬರೆದವರು ಹಾಳೆಯ ಮುಂದೆ ಬಂದು ನಿಂತಿದ್ದಾರೆ, ಖಾಲಿ ಬಿಟ್ಟವರು ಬಂದಿಲ್ಲ. ಜೊತೆಗೆ ಪ್ರತಿ ಅಭ್ಯಾಸಕ್ಕೂ ತೀರಾ ಚಿಕ್ಕದೊಂದು ರೂಪವನ್ನು ಮೊದಲೇ ಗೊತ್ತುಮಾಡಿಡಿ: ಅರ್ಧ ಗಂಟೆ ನಡಿಗೆಯ ಬದಲು ಬೀದಿಯ ಕೊನೆಯವರೆಗೆ ಹೋಗಿಬರುವುದು, ಹತ್ತು ಪುಟದ ಬದಲು ಒಂದು ಪುಟ. ಜ್ವರ ಬಿಟ್ಟ ಮರುದಿನ, ಪ್ರಯಾಣ ಮುಗಿದ ಮರುದಿನ ಮಾಡಬೇಕಾದದ್ದು ಈ ಚಿಕ್ಕ ರೂಪವನ್ನೇ ಹೊರತು ತಪ್ಪಿದ್ದೆಲ್ಲವನ್ನೂ ಸೇರಿಸಿ ಎರಡರಷ್ಟನ್ನಲ್ಲ.

ಸಾಲುಗಳು ಹೆಚ್ಚಾದಾಗ

ಅಭ್ಯಾಸ ಪಟ್ಟಿಗಳ ಇತಿಹಾಸದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅವರದು ಬಹಳ ಪ್ರಸಿದ್ಧವಾದುದು. 13 ಗುಣಗಳನ್ನು ಆರಿಸಿಕೊಂಡು, ಒಂದು ಚಿಕ್ಕ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ವಾರದ ಏಳು ದಿನಗಳಿಗೆ ಏಳು ಕಂಬ ಎಳೆದು, ತಪ್ಪಿದ ಕಡೆ ಕಪ್ಪು ಚುಕ್ಕಿ ಇಡುತ್ತಿದ್ದರು. ಆದರೆ ಹದಿಮೂರರ ಮೇಲೂ ಒಟ್ಟಿಗೆ ಗಮನವಿಡಲು ಅವರು ಹೋಗಲಿಲ್ಲ. ವಾರಕ್ಕೊಂದು ಗುಣವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ, 13 ವಾರಗಳಲ್ಲಿ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು ಎಂದು ಏರ್ಪಡಿಸಿಕೊಂಡಿದ್ದರು. ಹಳೆಯ ಚುಕ್ಕಿಗಳನ್ನು ಕೆರೆದು ಅಳಿಸಿ ಅಳಿಸಿ ಕಾಗದದಲ್ಲಿ ತೂತು ಬಿದ್ದಾಗ ದಂತದ ಹಾಳೆಗಳಿಗೆ ಬದಲಿಸಿಕೊಂಡು, ಒದ್ದೆ ಸ್ಪಂಜಿನಿಂದ ಒರೆಸಿ ಮತ್ತೆ ಬಳಸಿದರು. ಅವರ ಸರದಿಯ ಪದ್ಧತಿ ಅನುಕರಣೀಯ, ಒರೆಸುವ ಪದ್ಧತಿ ಅಲ್ಲ. ಒರೆಸಿದ ಹಾಳೆಯಿಂದ ದೋಷ ಪತ್ತೆಹಚ್ಚಲಾಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಐದಕ್ಕಿಂತ ಹೆಚ್ಚು ಹೊಸ ಸಾಲುಗಳಿದ್ದರೆ ಎರಡನ್ನು ಉಳಿಸಿ, ಮಿಕ್ಕವನ್ನು ಬೇರೊಂದು ಚೀಟಿಯಲ್ಲಿ ಸರದಿಗೆ ಬರೆದಿಡಿ.

ಹಾಳೆ ತುಂಬಿದೆ, ಫಲ ಕಾಣುತ್ತಿಲ್ಲ

ಇದೂ ದೋಷವೇ, ಮತ್ತು ಖಾಲಿ ಚೌಕಗಳಿಲ್ಲದ್ದರಿಂದ ಬೇಗ ಕಣ್ಣಿಗೆ ಬೀಳುವುದಿಲ್ಲ. ಮೊದಲು ಗುರುತುಗಳ ಶಾಯಿಯನ್ನು ನೋಡಿ: ಒಂದು ವಾರದ ಗುರುತುಗಳೆಲ್ಲ ಒಂದೇ ಪೆನ್ನಿನ, ಒಂದೇ ಓರೆಯ ಬರಹವಾಗಿದ್ದರೆ ಅವು ಒಂದೇ ಸಲ ಕುಳಿತು ನೆನಪಿನಿಂದ ತುಂಬಿದವು. ಎರಡು ದಿನಕ್ಕಿಂತ ಹಿಂದಿನ ಚೌಕವನ್ನು ತುಂಬದಿರುವುದೇ ಇದಕ್ಕೆ ಪರಿಹಾರ. ಗುರುತುಗಳು ಪ್ರಾಮಾಣಿಕವಾಗಿದ್ದೂ ಫಲವಿಲ್ಲದಿದ್ದರೆ, ಅಳತೆಯೇ ಗುರಿಯಾಗಿಬಿಟ್ಟಿದೆ. ಒಂದು ಅಂಕಿಯನ್ನು ನಿಯಂತ್ರಣದ ಸಾಧನವನ್ನಾಗಿ ಮಾಡಿಕೊಂಡ ಕೂಡಲೇ ಅದು ಮೊದಲಿನಷ್ಟು ನಂಬಲರ್ಹವಾಗಿ ಉಳಿಯುವುದಿಲ್ಲ ಎಂಬುದನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಹೇಳಿದ್ದರು. ಅದು ಮನೆಯ ಹಾಳೆಗೂ ಅನ್ವಯಿಸುತ್ತದೆ. ಹತ್ತು ಪುಟ ಮುಗಿಸಲೆಂದು ಸುಲಭದ ಪುಸ್ತಕಗಳನ್ನೇ ಆರಿಸುವುದು, ಹೆಜ್ಜೆಯ ಸಂಖ್ಯೆ ತುಂಬಲೆಂದು ರಾತ್ರಿ ಹಜಾರದಲ್ಲೇ ಸುತ್ತುವುದು ಇದರ ಲಕ್ಷಣಗಳು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಅಂಕಿ ಜನಪ್ರಿಯವಾದದ್ದು ಜಪಾನಿನಲ್ಲಿ 1965ರಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಮಾಪಕವೊಂದರ ಹೆಸರಿನಿಂದ. ಅದು ವೈದ್ಯರು ಗೊತ್ತುಮಾಡಿದ ಗಡಿಯಾಗಿರಲಿಲ್ಲ. ಮೂಲದಲ್ಲಿ ನಿಮಗೆ ಬೇಕಾಗಿದ್ದೇನು, ಮೆಟ್ಟಿಲೇರುವಾಗ ಉಸಿರು ಕಟ್ಟದಿರುವುದೋ, ರಾತ್ರಿ ನಿದ್ರೆಯೋ ಎಂಬುದನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದು, ತಿಂಗಳಿಗೊಮ್ಮೆ ಅದನ್ನೇ ಪರೀಕ್ಷಿಸಿ.

ದುರಸ್ತಿಯ ನಂತರ ಕಾಯಬೇಕಾದ ಅವಧಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ನೋಡಿ. ಚಾರ್ಜರ್ ಸಾಗಿಸುವುದು, ಏಳುವ ಸಮಯ ಬದಲಿಸುವುದು, ಹೊಸ ಆ್ಯಪ್ ಹಾಕುವುದು ಮೂರನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

21 ದಿನದಲ್ಲಿ ಅಭ್ಯಾಸ ನೆಲೆಗೊಳ್ಳುತ್ತದೆ ಎಂಬ ಮಾತನ್ನು ನಂಬಿ ಇಪ್ಪತ್ತೆರಡನೆಯ ದಿನ ನಿರಾಶರಾಗುವವರಿದ್ದಾರೆ. ಆ ಸಂಖ್ಯೆ ಹರಡಿದ್ದು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು ಬರೆದದ್ದರಿಂದ. ಮೇಲೆ ಹೇಳಿದ ಲಂಡನ್ನಿನ ಅಧ್ಯಯನದಲ್ಲಿ ನಡುವಿನ ಅಂಕಿ 66 ದಿನ. 84 ದಿನಗಳ ದಾಖಲೆಯಿಂದ ಮುಂದಕ್ಕೆ ಅಂದಾಜಿಸಿದಾಗ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಯಿತು, ವ್ಯಾಯಾಮಕ್ಕೆ ನೀರು ಕುಡಿಯುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಜನವರಿ 1ರಿಂದ ಎಣಿಸಿದರೆ 66ನೆಯ ದಿನ ಮಾರ್ಚ್ 7 (ಅಧಿಕ ವರ್ಷದಲ್ಲಿ ಮಾರ್ಚ್ 6). 254ನೆಯ ದಿನ ಸೆಪ್ಟೆಂಬರಿನಲ್ಲಿ, ಗಣೇಶ ಹಬ್ಬದ ಆಸುಪಾಸಿನಲ್ಲಿ ಬರುತ್ತದೆ. ಫೆಬ್ರುವರಿಯಲ್ಲಿ ಇನ್ನೂ ಪ್ರಯತ್ನಪಟ್ಟು ಏಳಬೇಕಾಗುತ್ತಿದೆ ಎಂಬುದು ದೋಷದ ಲಕ್ಷಣವೇ ಅಲ್ಲ.

ಇಷ್ಟೆಲ್ಲ ಶ್ರಮಪಟ್ಟು ಹಾಳೆಯನ್ನು ಉಳಿಸಿಕೊಳ್ಳಬೇಕೇ ಎಂದು ಕೇಳುವವರಿಗೆ ಉತ್ತರವಿದೆ. ಪ್ರಗತಿಯನ್ನು ಗಮನಿಸುತ್ತಿರುವುದರ ಪರಿಣಾಮವನ್ನು ಕುರಿತ 138 ಅಧ್ಯಯನಗಳನ್ನು ಬೆಂಜಮಿನ್ ಹಾರ್ಕಿನ್ ಮತ್ತು ಸಂಗಡಿಗರು 2016ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಗಮನಿಸುವುದರಿಂದ ಗುರಿ ತಲುಪುವ ಸಾಧ್ಯತೆ ಹೆಚ್ಚುತ್ತದೆ, ಬರೆದಿಟ್ಟಾಗ ಹಾಗೂ ಇತರರಿಗೆ ತಿಳಿಸಿದಾಗ ಇನ್ನಷ್ಟು ಹೆಚ್ಚುತ್ತದೆ ಎಂದು ಕಂಡುಬಂದಿತು. ಹಾಳೆಯನ್ನು ಮನೆಯವರ ಕಣ್ಣಿಗೆ ಬೀಳುವ ಜಾಗದಲ್ಲಿ ತೂಗುಹಾಕಲು ಇದೊಂದು ಕಾರಣ.

ಮೇಲಿನ ಯಾವ ಪರೀಕ್ಷೆಗೂ ಸಿಗದ ಒಂದು ವಿನ್ಯಾಸವಿದೆ: ಹಿಂದೆ ಸಂತೋಷದಿಂದ ಮಾಡುತ್ತಿದ್ದ ಕೆಲಸಗಳ ಸಾಲುಗಳೂ ಸೇರಿದಂತೆ ಎಲ್ಲವೂ ಎರಡು ವಾರಕ್ಕಿಂತ ಹೆಚ್ಚು ಕಾಲ ನಿಂತಿವೆ, ನಿದ್ರೆ ಮತ್ತು ಹಸಿವು ಏರುಪೇರಾಗಿವೆ, ಯಾವುದರಲ್ಲೂ ಆಸಕ್ತಿ ಹುಟ್ಟುತ್ತಿಲ್ಲ. ಅಂಥ ಹಾಳೆಯನ್ನು ದುರಸ್ತಿ ಮಾಡಲು ಕೂರದೆ ವೈದ್ಯರನ್ನು ಕಾಣಬೇಕು. ಹೋಗುವಾಗ ಹಾಳೆಯನ್ನೂ ಜೊತೆಗೆ ಒಯ್ಯಿರಿ, ಯಾವಾಗಿನಿಂದ ಹೀಗಾಗಿದೆ ಎಂಬ ಅವರ ಮೊದಲ ಪ್ರಶ್ನೆಗೆ ಅದರಲ್ಲಿ ತಾರೀಖು ಸಮೇತ ಉತ್ತರವಿರುತ್ತದೆ.

ಸಾಲೊಂದನ್ನು ಪಟ್ಟಿಯಿಂದ ತೆಗೆಯುವುದಾದರೆ ಸುಮ್ಮನೆ ಹೊಡೆದುಹಾಕಬೇಡಿ. ನೆನಪಿಸಿಕೊಳ್ಳದೆಯೇ ಆ ಕೆಲಸ ನಡೆದುಹೋಗುತ್ತಿದ್ದರೆ ‘ನೆಲೆಗೊಂಡಿದೆ, ಇನ್ನು ತಪ್ಪಿದ ದಿನ ಮಾತ್ರ ಗುರುತು’ ಎಂದು ಬರೆಯಿರಿ. ಬಿಟ್ಟುಬಿಡುವುದಾದರೆ ತಾರೀಖನ್ನೂ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದು, ಆ ತಿಂಗಳ ಹಾಳೆಯನ್ನು ಹಿಂದಿನ ಹಾಳೆಗಳ ಜೊತೆ ಕ್ಲಿಪ್ಪಿಗೆ ಸೇರಿಸಿಡಿ. ಮುಂದಿನ ಡಿಸೆಂಬರಿನಲ್ಲಿ ಹೊಸ ಪಟ್ಟಿ ಬರೆಯುವ ಮೊದಲು ಓದಬೇಕಾದದ್ದು ಆ ಸಾಲುಗಳನ್ನೇ.